ಹಾರಿಹೋದ ದರಕಿನ ಲೆಕ್ಕ

ಮಾಗಿಯ ಚಳಿ ಇಳಿಯುತ್ತಿದ್ದಂತೆ ಮಲೆನಾಡಿನ ಮತ್ತಿ, ಹೊನ್ನೆ, ನಂದಿ ಮರಗಳು ಎಲೆ ಕಳಚತೊಡಗುತ್ತವೆ. ದರಕು ಗುಡಿಸಿ ಹೆಡಿಗೆಗಳಲ್ಲಿ ಹೊತ್ತು ತಂದು ಅಡಿಕೆ ತೋಟದ ಬರಣಗಳಿಗೆ, ಮೆಣಸಿನ ಬುಡಗಳಿಗೆ, ತರಕಾರಿ ಮಡಿಗಳಿಗೆ ಹೊದಿಸುವ ಕಾಲವಿದು. ಈ ಪದ್ಧತಿ ಎಷ್ಟು ಯೋಗ್ಯವೆಂಬುದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ದರಕು ತರುವುದರಲ್ಲಿ ನಮಗಿರುವ ಶ್ರದ್ಧೆ, ತಂದದ್ದನ್ನು ನೆಲದ ಮೇಲೆ ನಿಲ್ಲಿಸಿಕೊಳ್ಳುವುದರಲ್ಲಿ ಇಲ್ಲವೆಂಬುದು ನನ್ನ ಅಭಿಪ್ರಾಯ. ಮೇಲ್ನೋಟಕ್ಕೆ ಇದು ಸಣ್ಣ ಸಂಗತಿ. ಇದರ ಬೆಲೆಯನ್ನು ತೆರುವುದು ಮಾತ್ರ ಬೆಟ್ಟ, ಮತ್ತು ಬೆಟ್ಟಕ್ಕೆ ಹೋಗುವ ಹೆಣ್ಣುಮಕ್ಕಳು.

ಹೊದಿಕೆಗೆ ಮೂರು ಶತ್ರುಗಳು. ಮೊದಲನೆಯದು ಚಳಿಗಾಲದ ಒಣ ಮೂಡಲ ಗಾಳಿ. ದಟ್ಟ ತೋಟದ ನಡುವೆ ಇದರ ಕಾಟ ಕಡಿಮೆ. ತೋಟದ ಅಂಚು, ಹೊಸ ಸಸಿ ತೋಟ ಮತ್ತು ಬಯಲಿನ ತರಕಾರಿ ಮಡಿಗಳಲ್ಲಿ ಹೆಚ್ಚು. ಎರಡನೆಯದು ಹುಳ ಅರಸುತ್ತ ಕೆದಕುವ ಕೋಳಿ, ಕಾಡುಕೋಳಿಗಳು. ಮೂರನೆಯದು ಏಪ್ರಿಲ್-ಮೇ ತಿಂಗಳ ಅಡ್ಡಮಳೆ. ಇಳಿಜಾರಿನಲ್ಲಿ ಸಡಿಲವಾಗಿ ಬಿದ್ದ ಎಲೆ ಒಂದೇ ಮಳೆಗೆ ತೇಲಿ ಕಾದಿಗೆ ಸೇರುತ್ತದೆ. ಕಾದಿಗೆ ಕಟ್ಟಿದರೆ ಮಳೆಗಾಲದಲ್ಲಿ ಬಸಿಯಬೇಕಾದ ನೀರು ಬೇರುಗಳ ಬಳಿ ನಿಲ್ಲುತ್ತದೆ. ಹೀಗೆ ಹೊದಿಕೆಯೂ ಹೋಯಿತು, ತೋಟಕ್ಕೂ ಕೇಡಾಯಿತು.

ಹೊದಿಕೆ ಹೋದರೆ ಮತ್ತೊಂದು ಹೆಡಿಗೆ ತಂದರಾಯಿತು ಎಂಬ ಮಾತಿದೆ. ಅದು ಎಲ್ಲಿಂದ ಬರಬೇಕು? ಉತ್ತರ ಕನ್ನಡದ ಘಟ್ಟದ ಮೇಲಿನ ಊರುಗಳಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಲ್ಲೇ ದೊರೆಯಿತು. ತೋಟ ಬದುಕಿರುವುದು ಬೆಟ್ಟದ ಬಲದಿಂದ ಎಂಬುದಕ್ಕೆ ಈ ಅನುಪಾತವೇ ಸಾಕ್ಷಿ. ಆದರೆ ದರಕು ಬೆಟ್ಟಕ್ಕೂ ಬೇಕು. ವರ್ಷವರ್ಷವೂ ನೆಲ ಕಾಣುವಂತೆ ಗುಡಿಸಿದ ಬೆಟ್ಟದಲ್ಲಿ ಮಣ್ಣು ಗಡುಸಾಗುತ್ತದೆ, ಬಿದ್ದ ಬೀಜ ಮೊಳೆತರೂ ಸಸಿ ಉಳಿಯುವುದಿಲ್ಲ, ಮಳೆನೀರು ಇಂಗದೆ ಹರಿದುಹೋಗುತ್ತದೆ. ಬೆಟ್ಟದಲ್ಲಿ ಇಂಗದ ನೀರು ಬೇಸಿಗೆಯಲ್ಲಿ ತೋಟದ ಕೆರೆಗೆ ಬರಲಾರದು.

ಇನ್ನೊಂದು ಲೆಕ್ಕ ಆರೋಗ್ಯದ್ದು. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಹರಡುವುದು ಉಣುಗುಗಳಿಂದ. ಸೋಂಕು ಹೆಚ್ಚು ಕಾಣಿಸುವುದು ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ದರಕು ಗುಡಿಸುವ ತಿಂಗಳುಗಳಲ್ಲೇ. ಮರಿ ಉಣುಗುಗಳು ಇರುವುದೂ ಕಾಡಿನ ನೆಲದ ತರಗೆಲೆಯಲ್ಲೇ. 2018–19ರಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗ ಅನುಭವಿಸಿದ ಸಾವುನೋವುಗಳನ್ನು ನಾವು ಮರೆಯುವಂತಿಲ್ಲ. ತೋಟದಲ್ಲಿ ಉಳಿದ ಪ್ರತಿಯೊಂದು ಹೆಡಿಗೆ ದರಕು ಕಾಡಿಗೆ ಹೋಗುವ ಒಂದು ಓಡಾಟವನ್ನು ತಪ್ಪಿಸುತ್ತದೆ.

ಹಾಗಾದರೆ ಹೊದಿಕೆಯನ್ನು ನಿಲ್ಲಿಸುವುದು ಹೇಗೆ? ಖರ್ಚಿನ ಉಪಾಯಗಳು ಬೇಕಿಲ್ಲ.

ಒಣ ನೆಲದ ಮೇಲೆ ಒಣ ಎಲೆ ಹರಡಬಾರದು. ಮೊದಲು ಮಣ್ಣನ್ನು ತೋಯಿಸಿ, ನಾಲ್ಕು ಬೆರಳಿನಷ್ಟು ದಪ್ಪ ದರಕು ಹಾಕಿ, ಮತ್ತೆ ನೀರು ಚಿಮುಕಿಸಿ ಕಾಲಿನಿಂದ ಮೆಲ್ಲಗೆ ಒತ್ತಬೇಕು. ತೆಳುವಾಗಿ ಕಲಸಿದ ಸಗಣಿ ನೀರಾದರೆ ಇನ್ನೂ ಉತ್ತಮ. ಎಲೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ತೇಗದಂತಹ ಅಗಲ ಎಲೆಗಳು ಗಾಳಿಗೆ ಬೇಗ ಏಳುವುದರಿಂದ ಅವನ್ನು ಮುರಿದು ಅಡಿಗೆ ಹಾಕಿ, ಸಣ್ಣ ಎಲೆ, ಕರಡ, ಕಿತ್ತ ಹಸಿ ಕಳೆಯನ್ನು ಮೇಲಕ್ಕೆ ಹಾಕುವುದು ಲೇಸು. ಅದರ ಮೇಲೆ ಅಡಿಕೆ ಸೋಗೆಯನ್ನು ಇಳಿಜಾರಿಗೆ ಅಡ್ಡಲಾಗಿ ಹೊದಿಸಬೇಕು. ಸೋಗೆಯ ಭಾರ ಗಾಳಿಯನ್ನೂ ಕೋಳಿಯನ್ನೂ ಏಕಕಾಲಕ್ಕೆ ತಡೆಯುತ್ತದೆ. ಮಡಿಯ ಕೆಳ ಅಂಚಿಗೆ ಅಡಿಕೆ ದಬ್ಬೆಯನ್ನು ಅಡ್ಡ ಇಟ್ಟು ಎರಡು ಗೂಟ ಹೊಡೆದರೆ ಮಳೆಗೆ ತೇಲುವ ಎಲೆ ಅಲ್ಲೇ ತಂಗುತ್ತದೆ. ಗಾಳಿ ಬರುವ ದಿಕ್ಕಿಗೆ ಗೊಬ್ಬರಸೊಪ್ಪಿನ ಗಿಡದ ಬೇಲಿ ಇದ್ದರೆ ನೆರಳು, ಸೊಪ್ಪು, ತಡೆ ಮೂರೂ ದೊರೆಯುತ್ತವೆ.

ಕೆಲವು ವಾರಗಳಲ್ಲಿ ಹೊದಿಕೆಯ ಅಡಿಯಲ್ಲಿ ಶಿಲೀಂಧ್ರದ ಬಿಳಿ ಎಳೆಗಳು ಹಬ್ಬಿ ಎಲೆಗಳನ್ನು ಹೊಲಿದಂತೆ ಹಿಡಿಯುತ್ತವೆ. ಇದು ರೋಗವಲ್ಲ, ಕೊಳೆಯುವಿಕೆಯ ಆರಂಭ. ಈ ಪದರವನ್ನು ಕೆದಕಬಾರದು. ಒಣ ದರಕನ್ನು ಮಣ್ಣಿಗೆ ಅಗೆದು ಸೇರಿಸುವುದೂ ತರವಲ್ಲ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಬಳಸಿಕೊಳ್ಳುವುದರಿಂದ ಬೆಳೆ ಕೆಲಕಾಲ ಹಳದಿಯಾಗುತ್ತದೆ.

ಎಚ್ಚರಿಕೆಗಳೂ ಇವೆ. ಹೊದಿಕೆ ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಬೇಕು. ಎಲೆಚುಕ್ಕಿ ರೋಗ ತಗುಲಿದ ಸೋಗೆಯನ್ನು, ಕೊಳೆರೋಗದಿಂದ ಉದುರಿದ ಕಾಯನ್ನು ಹೊದಿಕೆಗೆ ಬಳಸದೆ ತೋಟದಿಂದ ಹೊರಹಾಕಿ ನಾಶಪಡಿಸಬೇಕು. ಹಾಳೆಗಳನ್ನು ಬೋರಲಾಗಿ ಹಾಕಬೇಕು. ಇಲ್ಲದಿದ್ದರೆ ನೀರು ನಿಂತು ಸೊಳ್ಳೆಗೆ ತೊಟ್ಟಿಲಾಗುತ್ತವೆ. ಮಂಗ ಸತ್ತ ಕಾಡಿನ ದರಕನ್ನು ತರಲೇಬಾರದು.

ಆಳು ಸಿಗದ ಕಾಲದಲ್ಲಿ ಇದೆಲ್ಲ ಸಾಧ್ಯವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಒಂದೇ ಮಡಿಗೆ ಎರಡು ಬಾರಿ ಹೊದಿಸುವುದಕ್ಕಿಂತ ಒಂದು ಬಾರಿ ಸರಿಯಾಗಿ ಹೊದಿಸುವುದು ಕಡಿಮೆ ಕೆಲಸ. ಪ್ಲಾಸ್ಟಿಕ್ ಹಾಳೆ ಹಾರದಿರಬಹುದು. ಅದು ಮಣ್ಣಾಗುವುದೂ ಇಲ್ಲ, ಎರೆಹುಳಕ್ಕೆ ಆಹಾರವೂ ಆಗುವುದಿಲ್ಲ. ಅಂಗಳದ, ರಸ್ತೆ ಬದಿಯ ತರಗೆಲೆಗೆ ಬೆಂಕಿ ಇಟ್ಟು, ಮರುದಿನ ಹೆಡಿಗೆ ಹಿಡಿದು ಬೆಟ್ಟ ಹತ್ತುವ ನಮ್ಮ ರೂಢಿಗಂತೂ ಯಾವ ಸಮರ್ಥನೆಯೂ ಇಲ್ಲ. ಮೊದಲು ಮನೆಯ ಸುತ್ತಲಿನ ಎಲೆ, ಆಮೇಲೆ ತೋಟದ್ದೇ ಸೋಗೆ, ಕೊನೆಗೆ ಬೆಟ್ಟ: ಈ ಕ್ರಮವನ್ನು ಊರೂರುಗಳು ಒಪ್ಪಿಕೊಳ್ಳಬೇಕು. ಬೆಟ್ಟದ ಒಂದೊಂದು ಭಾಗವನ್ನು ಸರದಿಯಂತೆ ಗುಡಿಸದೆ ಬಿಡುವ ನಿರ್ಧಾರವನ್ನು ಗ್ರಾಮ ಅರಣ್ಯ ಸಮಿತಿಗಳು ಕೈಗೊಳ್ಳಬೇಕು.

ವಿದ್ಯಾರ್ಥಿ ಮಿತ್ರರು ಶಾಲೆಯ ಕೈತೋಟದಲ್ಲಿ ಎರಡು ಸಮಾನ ಮಡಿ ಮಾಡಿ, ಒಂದಕ್ಕೆ ಮೇಲಿನಂತೆ ಹೊದಿಸಿ, ಇನ್ನೊಂದನ್ನು ಬರಿದಾಗಿ ಬಿಡಲಿ. ಮೊದಲ ಮಳೆಯ ದಿನ ಎರಡೂ ಮಡಿಗಳಿಂದ ಹರಿದ ನೀರನ್ನು ಗಾಜಿನ ಲೋಟಗಳಲ್ಲಿ ಹಿಡಿದು ಪಕ್ಕಪಕ್ಕದಲ್ಲಿಟ್ಟು ನೋಡಲಿ. ಕೆಂಪು ಕದಡಿದ ಲೋಟದ ತಳದಲ್ಲಿ ನಿಲ್ಲುವುದು ನಮ್ಮ ಮೇಲ್ಮಣ್ಣು. ಅದನ್ನು ಊರಿನ ಹಿರಿಯರಿಗೂ ತೋರಿಸಲಿ.