ಒಗೆಯುವ ಮುನ್ನ ಒಮ್ಮೆ ಯೋಚಿಸಿರಿ

ಎಂಜಲು, ಬೆವರು, ಕೂದಲು, ಉಗುರು ಇವುಗಳಲ್ಲಿ ಮನುಷ್ಯನ ಗುರುತು ಉಳಿದಿರುತ್ತದೆಯೇ ಎಂಬುದು ಈಗ ಪ್ರಯೋಗಾಲಯಗಳ ಪ್ರಶ್ನೆ ಮಾತ್ರವಲ್ಲ. ಪ್ರತಿಯೊಂದು ಕುಟುಂಬವೂ ಅರಿತಿರಬೇಕಾದ ಸಂಗತಿ.

ನಮ್ಮ ತೋಟದ ತೆಂಗಿನ ಜೀವಕೋಶದಲ್ಲಿ 32 ವರ್ಣತಂತುಗಳಿದ್ದರೆ ಮನುಷ್ಯನ ಜೀವಕೋಶದಲ್ಲಿ 46 ಇವೆ. ಅವುಗಳೊಳಗೆ ಅಡಗಿರುವ ವಂಶವಾಹಿ ದ್ರವ್ಯವೇ ಡಿ.ಎನ್.ಎ. ಕೋಶ ಉದುರಿದಲ್ಲಿ ಅದೂ ಉಳಿಯುತ್ತದೆ. ಎಂಜಲಿನಲ್ಲಿ ಕೆನ್ನೆಯ ಒಳಪದರದ ಕೋಶಗಳು ಬೆರೆತಿರುತ್ತವೆ. ಬೆವರು ಚರ್ಮದ ಕೋಶಗಳನ್ನು ಹೊತ್ತು ತರುತ್ತದೆ. ರಕ್ತದ ಕೆಂಪು ಕಣಗಳಲ್ಲಿ ಕೋಶಕೇಂದ್ರವಿಲ್ಲ, ಬಿಳಿಯ ಕಣಗಳಲ್ಲಿ ಇದೆ. ಆದುದರಿಂದ ಸೇದಿ ಎಸೆದ ಬೀಡಿಯ ತುಂಡು, ಮಚ್ಚಿನ ಹಿಡಿ, ಉಗುರಿನ ಸಂದಿಯ ಕೊಳೆ ಕೂಡ ಸಾಕ್ಷಿ ನುಡಿಯಬಲ್ಲವು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳನ್ನುಳಿದು ಯಾವ ಇಬ್ಬರ ಗುರುತೂ ಒಂದೇ ಆಗಿರದು.

ಈ ಗುರುತನ್ನು ಓದುವ ವಿಧಾನವನ್ನು 1984ರಲ್ಲಿ ಇಂಗ್ಲೆಂಡಿನ ಅಲೆಕ್ ಜೆಫ್ರೀಸ್ ಕಂಡುಹಿಡಿದರು. ನಮ್ಮ ದೇಶದಲ್ಲಿ ಹೈದರಾಬಾದಿನ ಲಾಲ್‌ಜಿ ಸಿಂಗ್ ಅದನ್ನು ಬೆಳೆಸಿದರು. 1991ರಲ್ಲಿ ಬೆಂಗಳೂರಿನಲ್ಲಿ ಕಣ್ಮರೆಯಾಗಿದ್ದ ಶಾಕಿರಾ ಖಲೀಲಿಯವರ ಅಸ್ಥಿಗಳನ್ನು 1994ರಲ್ಲಿ ಮನೆಯ ಅಂಗಳದಿಂದ ಹೊರತೆಗೆದಾಗ, ಅವು ಅವರವೇ ಎಂಬುದನ್ನು ಸ್ಥಾಪಿಸಲು ಈ ಪರೀಕ್ಷೆಯೂ ನೆರವಾಯಿತು. ಮೂರು ವರ್ಷ ಮಣ್ಣಿನಲ್ಲಿದ್ದರೂ ಅಳಿಯದ ಗುರುತು ಒಂದು ಬಕೆಟ್ ಸಾಬೂನು ನೀರಿನಲ್ಲಿ ಅಳಿದುಹೋಗಬಹುದು. ನಾವು ಹೇಳಬೇಕೆಂದಿರುವುದು ಇದನ್ನೇ.

ಹೆಣ್ಣುಮಗಳೊಬ್ಬಳ ಮೇಲೆ ಅತ್ಯಾಚಾರ ನಡೆದಾಗ ಮನೆಯವರು ಮೊದಲು ಮಾಡುವ ಕೆಲಸವೆಂದರೆ ಆಕೆಗೆ ಸ್ನಾನ ಮಾಡಿಸಿ, ಉಟ್ಟ ಬಟ್ಟೆಯನ್ನು ನೆನೆಹಾಕುವುದು. ಮಮತೆಯಿಂದಲೇ ಮಾಡಿದರೂ ಅದರಿಂದ ಅಪರಾಧಿಗೆ ಅನುಕೂಲವಾಗುತ್ತದೆ. ಸ್ನಾನಕ್ಕೆ ಮುನ್ನ ಆಸ್ಪತ್ರೆಗೆ ಕರೆದೊಯ್ಯಿರಿ. ಮೂರು ನಾಲ್ಕು ದಿನಗಳೊಳಗೆ ಹೋದರೆ ಸಾಕ್ಷ್ಯ ದೊರೆಯುವ ಸಂಭವ ಹೆಚ್ಚು; ತಡವಾಗಿದ್ದರೂ, ಸ್ನಾನವಾಗಿದ್ದರೂ ಹೋಗಲೇಬೇಕು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಆಸ್ಪತ್ರೆ ಉಚಿತವಾಗಿ ಕೂಡಲೇ ಚಿಕಿತ್ಸೆ ನೀಡತಕ್ಕದ್ದೆಂದು 2013ರಿಂದ ಕಾನೂನಿದೆ. ಮಕ್ಕಳ ವಿಷಯದಲ್ಲಿ, ದೂರು ದಾಖಲಾಗದಿದ್ದರೂ ವೈದ್ಯಕೀಯ ಪರೀಕ್ಷೆ ನಡೆಸಲು 2012ರ ಪೋಕ್ಸೊ ಕಾಯ್ದೆ ಅವಕಾಶ ನೀಡಿದೆ. ಮಕ್ಕಳ ಸಹಾಯವಾಣಿ 1098.

ಬಟ್ಟೆಯನ್ನು ಕಾಪಾಡುವ ಬಗೆಯನ್ನು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗು ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಗಾಳಿಯಾಡಿದ ಕಾಯಿ ಉಂಡೆ ಕೊಬ್ಬರಿಯಾಗುತ್ತದೆ. ತೇವ ತಗುಲಿದ ಕೊಬ್ಬರಿಗೆ ಬೂಷ್ಟು ಹಿಡಿಯುತ್ತದೆ. ಡಿ.ಎನ್.ಎ.ಯೂ ಹಾಗೆಯೇ. ಬಟ್ಟೆ ಒದ್ದೆಯಾಗಿದ್ದರೆ ನೆರಳಿನಲ್ಲಿ ಒಣಗಿಸಿ, ಒಂದೊಂದನ್ನೂ ಬೇರೆ ಬೇರೆ ಕಾಗದದ ಚೀಲದಲ್ಲಿಡಬೇಕು. ಪ್ಲಾಸ್ಟಿಕ್ ಚೀಲ ಸಲ್ಲದು.

ಗುರುತು ಯಾರದೆಂದು ಡಿ.ಎನ್.ಎ. ಹೇಳಬಲ್ಲುದೇ ಹೊರತು, ಅದು ಅಲ್ಲಿಗೆ ಹೇಗೆ ಬಂದಿತೆಂದು ತಾನಾಗಿ ಹೇಳಲಾರದು. ಅದನ್ನು ತೂಗಿ ನೋಡುವುದು ನ್ಯಾಯಾಲಯದ ಕೆಲಸ. ಆದರೆ ತೂಗಲು ಸಾಕ್ಷ್ಯವೇ ಇಲ್ಲದಂತೆ ಮಾಡಬಾರದು.

ಜನನ, ಮರಣ, ಜಾತಿ, ಎಂಜಲು, ರಜಸ್ಸು ಎಂಬ ಐದು ಸೂತಕಗಳನ್ನು ಅಲ್ಲಗಳೆದ ಶರಣರ ಪರಂಪರೆ ನಮ್ಮದು. ಅನ್ಯಾಯಕ್ಕೊಳಗಾದ ಮಗಳ ಮೈಗೆ ಯಾವ ಮೈಲಿಗೆಯೂ ಅಂಟಿರುವುದಿಲ್ಲ. ಅಂಟಿರುವುದು ಅಪರಾಧಿಯ ಗುರುತು. ತೊಳೆಯುವ ಆತುರವನ್ನು ತಡೆದು ಆಕೆಯ ಜೊತೆಗೆ ನಿಲ್ಲುವುದು ತಂದೆತಾಯಿಗಳ ಮೊದಲ ಕರ್ತವ್ಯ.