ಗೊಂಬೆಯ ಬುಡದ ಅಕ್ಷರ

ಕಾದಂಬರಿಯ ಪಾತ್ರಗಳ ಗೊಂಬೆಗಳನ್ನು ಕೂಡಿಸುವುದು ಕೈಯಲ್ಲಿ ಹಣ ಕೊಳೆಯುವವರ ಹುಚ್ಚೆಂದು ನಮ್ಮ ಕೆಲವು ಸಂಗಾತಿಗಳು ಮೂಗು ಮುರಿಯುತ್ತಾರೆ. ನಾವು ಹಾಗೆನ್ನಲಾರೆವು. ಓದಿ ಮೆಚ್ಚಿದ ಕಥೆಯ ವೀರನನ್ನು ಪುಸ್ತಕದ ಪಕ್ಕದಲ್ಲಿ ನಿಲ್ಲಿಸಿಕೊಳ್ಳುವ ಆಸೆ ಸಹಜವಾದದ್ದು. ಕೈಯಲ್ಲಿ ನಾಲ್ಕು ಕಾಸು ಮಿಕ್ಕಿದ್ದರೆ ನಾವೂ ಒಂದನ್ನು ತರುತ್ತಿದ್ದೆವೋ ಏನೋ. ನಮ್ಮ ತಕರಾರಿರುವುದು ಅದಕ್ಕೆ ಬೆಲೆ ಕಟ್ಟುವ ರೀತಿಯ ಮೇಲೆ.

ಇಂಗ್ಲೆಂಡಿನ ಒಂದು ಉದಾಹರಣೆ ನೋಡೋಣ. ಟೋಲ್ಕಿನ್ ಎಂಬ ಪ್ರಾಧ್ಯಾಪಕರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ಅದ್ಭುತ ಕಾದಂಬರಿ 1954-55ರಲ್ಲಿ ಪ್ರಕಟವಾಯಿತು. ಅದರಲ್ಲಿ ಲೋಕವನ್ನು ಉಳಿಸುವ ಭಾರ ಹೊರುವವರು ರಾಜಾಧಿರಾಜರಲ್ಲ, ಹಾಬಿಟ್ ಎಂಬ ಕುಳ್ಳ ಜನ. ಅವರಲ್ಲೊಬ್ಬ ತೋಟದ ಮಾಲಿ. 1980ರ ಸುಮಾರಿಗೆ ರಾಯಲ್ ಡೌಲ್ಟನ್ ಕಂಪನಿ ಈ ಪಾತ್ರಗಳ ಪಿಂಗಾಣಿ ಗೊಂಬೆಗಳನ್ನು ಮಾರುಕಟ್ಟೆಗೆ ತಂದು 1984ರಲ್ಲಿ ನಿಲ್ಲಿಸಿಬಿಟ್ಟಿತು. ಬಟರ್‌ಬರ್ ಎಂಬ ಹೋಟೆಲು ಯಜಮಾನನ ಗೊಂಬೆ ಕೊನೆಯಲ್ಲಿ ಬಂದದ್ದು. ಆದ್ದರಿಂದ ಬಹಳ ಅಪರೂಪ. ಮಹಾಮಾಂತ್ರಿಕ ಗ್ಯಾಂಡಾಲ್ಫನಿಗಿಂತ ಹೋಟೆಲಿನವನಿಗೇ ಗಿರಾಕಿ ಜಾಸ್ತಿ! ನಮ್ಮ ಅಂಗಡಿಕಾರ ಮಿತ್ರರು ಒಂದು ಗಳಿಗೆ ನಗಲಿ.

ಗೊಂಬೆ ಹುಟ್ಟುವುದು ಹೇಗೆ? ತೆಳುವಾಗಿ ಕಲಸಿದ ಜೇಡಿಯನ್ನು ಪ್ಲಾಸ್ಟರಿನ ಅಚ್ಚಿಗೆ ಹೊಯ್ಯುತ್ತಾರೆ. ಅಚ್ಚು ನೀರನ್ನು ಹೀರಿದಂತೆ ಒಳಗೆ ಗೋಡೆ ಕಟ್ಟುತ್ತದೆ. ಮಿಕ್ಕದ್ದನ್ನು ಬಗ್ಗಿಸಿ ತೆಗೆಯುತ್ತಾರೆ. ತಲೆ, ತೋಳು ಬೇರೆ ಬೇರೆ ಎರಕ. ಅವನ್ನು ಅದೇ ಜೇಡಿಯಿಂದ ಅಂಟಿಸಿ, ಬೆಸುಗೆಯ ಗೆರೆ ಒರೆಸಿ, ಸುಟ್ಟು, ಕುಂಚ ಹಿಡಿದು ಬಣ್ಣ ತುಂಬಬೇಕು. ಸುಡುವಾಗ ಗೊಂಬೆ ಕುಗ್ಗುತ್ತದೆ, ಕೆಲವೊಮ್ಮೆ ಬಿರಿಯುತ್ತದೆ. ಬಿರಿದರೆ ನಷ್ಟ ಯಾರಿಗೆ? ಅದೇ ಸೀಮೆಯ ಪಿಂಗಾಣಿ ಕಾರ್ಖಾನೆಗಳಲ್ಲಿ 19ನೆಯ ಶತಮಾನದಲ್ಲಿ, ಆವಿಗೆಯಿಂದ ಊನವಿಲ್ಲದೆ ಹೊರಬಂದ ಮಾಲಿಗೆ ಮಾತ್ರ ಕೂಲಿ ಕೊಡುವ ಪದ್ಧತಿಯಿತ್ತು. ಬೆಂಕಿ ಇಟ್ಟವನು ತಪ್ಪಿದರೂ ಮಣ್ಣು ಮುಟ್ಟಿದವನ ಕೂಲಿ ಹೋಯಿತು. 1836ರಲ್ಲಿ ಕಾರ್ಮಿಕರು ಇದರ ವಿರುದ್ಧವೂ ಮುಷ್ಕರ ಹೂಡಿದರು.

ಗೊಂಬೆಯನ್ನು ಮಗುಚಿದರೆ ಬುಡದಲ್ಲಿ ಎಚ್.ಎನ್. ಎಂದು ಒಂದು ಸಂಖ್ಯೆ. ಗ್ಯಾಂಡಾಲ್ಫನದು 2911. ಎಚ್.ಎನ್. ಎಂದರೆ ಹ್ಯಾರಿ ನಿಕ್ಸನ್, ಬಣ್ಣಗಾರರ ವಿಭಾಗಕ್ಕೆ ಮುಖ್ಯಸ್ಥನಾಗಿದ್ದವನು. ಈ ಕಂಪನಿಯ ಹಲವು ಗೊಂಬೆಗಳ ಬುಡದಲ್ಲಿ ಬಣ್ಣ ಹಾಕಿದವರ ಗುರುತೂ ಒಂದೆರಡು ಅಕ್ಷರಗಳಲ್ಲಿ ಇರುತ್ತದೆ. ಕೊಳ್ಳುವವರು ಸಂಖ್ಯೆ ಓದುತ್ತಾರೆ, ವರ್ಷ ನೋಡುತ್ತಾರೆ, ಎಲ್ಲಿ ಚಕ್ಕೆ ಎದ್ದಿದೆಯೆಂದು ಬೆರಳಾಡಿಸುತ್ತಾರೆ. ಆ ಅಕ್ಷರ ಯಾರದೆಂದು ಎಷ್ಟು ಮಂದಿ ಕೇಳಿದ್ದಾರೆ?

‘ತಯಾರಿಕೆ ನಿಂತಿದೆ.’ ಸಂಗ್ರಾಹಕರ ಪಟ್ಟಿಯಲ್ಲಿ ಈ ಎರಡು ಪದ ಬಿದ್ದೊಡನೆ ಬೆಲೆ ಏರುತ್ತದೆ. ಬರ್ಸ್ಲೆಮ್ ಊರಿನ ನೈಲ್ ಸ್ಟ್ರೀಟ್ ಕಾರ್ಖಾನೆಯಲ್ಲಿ ಇದೇ ಎರಡು ಪದ 2005ರಲ್ಲಿ ಕೇಳಿಬಂದಾಗ ಏರಿದ್ದೇನೂ ಇಲ್ಲ. ಬಾಗಿಲು ಮುಚ್ಚಿತು, ತಯಾರಿಕೆ ಅಗ್ಗದ ಕೂಲಿಯ ಇಂಡೋನೇಷ್ಯಕ್ಕೆ ಹೋಯಿತು, ಅನಂತರ ಕಟ್ಟಡಗಳನ್ನೂ ಕೆಡವಿದರು. (ಇಂಡೋನೇಷ್ಯದ ಕೆಲಸಗಾರನ ಮೇಲೆ ನಮಗೆ ಸಿಟ್ಟಿಲ್ಲ. ಅವನೂ ನಮ್ಮವನೇ.) ಗಿರಣಿಯ ಶಿಳ್ಳೆ ಕೇಳಿ ಬೆಳೆದ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಂಗ್ರಾಹಕರಿಗೆ ನಮ್ಮ ಬೇಡಿಕೆ ಒಂದೇ. ಪಾತ್ರದ ಹೆಸರು, ಸಂಖ್ಯೆ, ವರ್ಷ, ಬೆಲೆ ಎಂದು ಕಲಮುಗಳಿರುವ ನಿಮ್ಮ ಪಟ್ಟಿಯಲ್ಲಿ ಬಣ್ಣ ಹಾಕಿದವರ ಹೆಸರಿಗೂ ಒಂದು ಕಲಮು ಇರಲಿ. 1984ರಲ್ಲಿ ಇಪ್ಪತ್ತರ ಹರೆಯದಲ್ಲಿ ಕುಂಚ ಹಿಡಿದಿದ್ದವರಿಗೆ ಈಗ ಅರವತ್ತು ದಾಟಿದೆ ಅಷ್ಟೆ. ಬುಡದ ಅಕ್ಷರವನ್ನು ತೋರಿಸಿದರೆ ಇದು ನನ್ನದು, ಇದು ಪಕ್ಕದ ಬೆಂಚಿನವಳದು ಎಂದು ಹೇಳಬಲ್ಲವರು ಆ ಊರಿನಲ್ಲಿ ಇನ್ನೂ ಸಿಕ್ಕಾರು.