ಹಳೆಯ ತಂತ್ರಾಂಶ: ಲೆಕ್ಕಪುಸ್ತಕದಲ್ಲಿ ಕಾಣದ ಹೊಣೆಗಾರಿಕೆ

ಪ್ರತಿ ವರ್ಷ ಆಯುಧಪೂಜೆಯ ದಿನ ನಾಡಿನ ಕಾರ್ಖಾನೆ, ಅಂಗಡಿ, ಮಂಡಿಗಳಲ್ಲಿ ಲೇತ್ ಯಂತ್ರ, ತಕ್ಕಡಿ, ವಾಹನಗಳ ಜೊತೆಗೆ ಗಣಕಯಂತ್ರಕ್ಕೂ ಅರಿಶಿನ ಕುಂಕುಮ ಹಚ್ಚಿ, ಹೂವು ಮುಡಿಸಿ, ಬೂದುಗುಂಬಳ ಒಡೆಯುವುದು ರೂಢಿ. ಹಬ್ಬ ಕಳೆದ ಮೇಲೂ ಲೇತ್ ಯಂತ್ರಕ್ಕೆ ಕಾಲಕಾಲಕ್ಕೆ ಎಣ್ಣೆ ಬೀಳುತ್ತದೆ. ತಕ್ಕಡಿಗೆ ಮುದ್ರೆ ಹಾಕಿಸಲಾಗುತ್ತದೆ. ಲಾರಿಯು ಇಷ್ಟು ಕಿಲೋಮೀಟರ್ ಓಡಿದೊಡನೆ ಸರ್ವೀಸಿಗೆ ಹೋಗುತ್ತದೆ. ಗಣಕಯಂತ್ರವು ಮಾತ್ರ ಮುಂದಿನ ಆಯುಧಪೂಜೆಯವರೆಗೆ ಕಾಯುತ್ತದೆ. "ಓಡುತ್ತಿದೆಯಲ್ಲ, ಅದರ ಗೊಡವೆ ಏಕೆ?" ಎಂಬುದೇ ಬಹುಪಾಲು ಮಾಲೀಕರ ನಿಲುವು. ಈ ನಿಲುವಿಗೆ ತೆರಬೇಕಾದ ಬೆಲೆಯನ್ನು ವ್ಯಾಪಾರಿ ಸಮುದಾಯವು ಈಗಲಾದರೂ ಲೆಕ್ಕ ಹಾಕಬೇಕಾಗಿದೆ.

ದೀಪದ ಬುಡದ ಕತ್ತಲೆ

ಎಂಬತ್ತರ ದಶಕದ ಕೊನೆ ಹಾಗೂ ತೊಂಬತ್ತರ ದಶಕದಲ್ಲಿ ಸಣ್ಣ ವ್ಯಾಪಾರ, ಉದ್ದಿಮೆಗಳಿಗೆ ಗಣಕ ಕಾಲಿಟ್ಟಾಗ ಡಾಸ್ ವ್ಯವಸ್ಥೆಯ ಮೇಲೆ ಡಿಬೇಸ್, ಫಾಕ್ಸ್‌ಪ್ರೊಗಳಲ್ಲಿ ಬರೆದ ತಂತ್ರಾಂಶಗಳೇ ಆಧಾರವಾಗಿದ್ದವು. ಊರಿನವರೇ ಆದ ಯುವಕರು ಮಂಡಿಗೆ ಬೇಕಾದ ತೂಕ, ಹಮಾಲಿ, ದಲಾಲಿ, ಮುಂಗಡಗಳ ಲೆಕ್ಕವನ್ನೂ, ಕಾರ್ಖಾನೆಗೆ ಬೇಕಾದ ದಾಸ್ತಾನು, ಬಿಲ್ಲುಗಳ ಲೆಕ್ಕವನ್ನೂ ಮಾಲೀಕರ ಎದುರು ಕುಳಿತು ಕೇಳಿಕೊಂಡು ಬರೆದುಕೊಟ್ಟರು. ಆ ಕೆಲಸವನ್ನು ಇಂದು ಹಗುರವಾಗಿ ಕಾಣುವುದು ಸರಿಯಲ್ಲ. ಮೌಸ್ ಇಲ್ಲದೆ, ಕೀಲಿಮಣೆಯ ನಾಲ್ಕು ಗುಂಡಿಗಳಲ್ಲಿ ಬಿಲ್ಲು ಸಿದ್ಧವಾಗಿ ಡಾಟ್ ಮ್ಯಾಟ್ರಿಕ್ಸ್ ಮುದ್ರಣ ಯಂತ್ರದಿಂದ ಹೊರಬರುತ್ತಿದ್ದ ವೇಗವನ್ನು ನಂತರದ ಎಷ್ಟೋ ತಂತ್ರಾಂಶಗಳು ಮುಟ್ಟಲಿಲ್ಲ. ವಹಿವಾಟಿನ ರೀತಿಯನ್ನು ಅರಿತು ಹೊಲಿದ ಅಂಗಿಯಂತಿದ್ದ ಇವು ಬಹುಕಾಲ ಬಾಳಿದ್ದರಲ್ಲಿ ಆಶ್ಚರ್ಯವಿಲ್ಲ.

ಅದೇ ಕಾಲದಲ್ಲಿ ಬೆಂಗಳೂರಿನ ತಂತ್ರಾಂಶ ಕಂಪನಿಗಳು ಹೊರದೇಶಗಳ ಬ್ಯಾಂಕು, ವಿಮಾ ಸಂಸ್ಥೆಗಳ ಹಳೆಯ ಕೋಬಾಲ್ ತಂತ್ರಾಂಶಗಳನ್ನು ದುರಸ್ತಿ ಮಾಡಿ ಹೆಸರು ಗಳಿಸುತ್ತಿದ್ದವು. ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿದ್ದ ಕಾರಣ 2000ನೇ ಇಸವಿಯಲ್ಲಿ ಲೆಕ್ಕ ತಪ್ಪಬಹುದೆಂಬ ಭಯವೇ ಭಾರತದ ಈ ಉದ್ಯಮಕ್ಕೆ ದೊಡ್ಡ ಅವಕಾಶವಾಯಿತು. ಹಳೆಯ ವ್ಯವಸ್ಥೆಯ ನಿರ್ವಹಣೆ ಎಂಬುದು ಹಣ ಕೊಟ್ಟು ಮಾಡಿಸಬೇಕಾದ ಕೆಲಸವೆಂದು ಜಗತ್ತಿಗೆ ತಿಳಿದಿತ್ತು. ಆ ಕೆಲಸದಿಂದ ಬೆಳೆದ ನಾಡಿನ ವರ್ತಕರೇ ತಮ್ಮ ತಂತ್ರಾಂಶಕ್ಕೆ ನಿರ್ವಹಣೆ ಬೇಕೆಂದು ಒಪ್ಪದಿರುವುದು ದೀಪದ ಬುಡದ ಕತ್ತಲೆಯೇ ಸರಿ.

ಕಾಯ್ದೆ ಬದಲಾದಾಗ ಬರುವ ಪರೀಕ್ಷೆ

ತಂತ್ರಾಂಶವು ತಾನಾಗಿ ತುಕ್ಕು ಹಿಡಿಯುವುದಿಲ್ಲ. ಅದರ ಸುತ್ತಲಿನ ಲೋಕ ಬದಲಾಗುತ್ತದೆ. 2005ರ ಏಪ್ರಿಲ್ 1ರಂದು ಕರ್ನಾಟಕದಲ್ಲಿ ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದಿತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದಿತು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರು 2023ರ ಆಗಸ್ಟ್ 1ರಿಂದ ನೋಂದಾಯಿತ ವ್ಯಾಪಾರಿಗಳಿಗೆ ಮಾಡುವ ಮಾರಾಟಕ್ಕೆ ಇ-ಇನ್‌ವಾಯ್ಸ್ ಪಡೆದು ಬಿಲ್ಲಿನ ಮೇಲೆ ಕ್ಯೂಆರ್ ಸಂಕೇತ ಮುದ್ರಿಸಬೇಕಾಯಿತು. 2025ರ ಸೆಪ್ಟೆಂಬರ್ 22ರಂದು ಬಹುಪಾಲು ಸರಕುಗಳಿಗೆ ಶೇಕಡ 12 ಮತ್ತು 28ರ ದರಗಳು ಹೋಗಿ 5 ಮತ್ತು 18ರ ದರಗಳು ಮುಖ್ಯವಾದವು. ತೆರಿಗೆಯ ದರವನ್ನು ಕೋಷ್ಟಕದಲ್ಲಿಟ್ಟು ಬರೆದ ತಂತ್ರಾಂಶದಲ್ಲಿ ಇಂಥ ಬದಲಾವಣೆ ಒಂದು ಸಂಜೆಯ ಕೆಲಸ. ದರವನ್ನು ಸಾಲುಸಾಲುಗಳ ಒಳಗೇ ಬರೆದಿಟ್ಟ ತಂತ್ರಾಂಶದಲ್ಲಿ ಅದು ವಾರಗಳ ಕೆಲಸ. ಬರೆದವನು ಸಿಗದಿದ್ದರೆ ಆಗದ ಕೆಲಸ.

ಇಲ್ಲಿಯೇ ಅನೇಕರ ಕೈಕಟ್ಟುವುದು. ತಂತ್ರಾಂಶ ಬರೆದ ಯುವಕ ಇಪ್ಪತ್ತು ವರ್ಷಗಳಲ್ಲಿ ಊರು ಬಿಟ್ಟಿರುತ್ತಾನೆ, ಇಲ್ಲವೇ ಆ ವೃತ್ತಿಯನ್ನೇ ಬಿಟ್ಟಿರುತ್ತಾನೆ. ಅದರ ಸೋರ್ಸ್ ಕೋಡ್ ಯಾವ ಫ್ಲಾಪಿಯಲ್ಲಿತ್ತೆಂದು ಯಾರಿಗೂ ನೆನಪಿರುವುದಿಲ್ಲ. "ಹಣ ಕೊಟ್ಟು ಬರೆಸಿದ್ದೇವೆ, ಆದ್ದರಿಂದ ಅದು ನಮ್ಮದು" ಎಂಬ ನಂಬಿಕೆ ವರ್ತಕರಲ್ಲಿ ಸಾಮಾನ್ಯ. ಕಾನೂನು ಹಾಗೆ ಹೇಳುವುದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯಡಿ ಗಣಕ ಕ್ರಮವಿಧಿಯೂ ಒಂದು ಸಾಹಿತ್ಯ ಕೃತಿ. ಸಂಬಳದ ನೌಕರನು ಕೆಲಸದ ಭಾಗವಾಗಿ ಬರೆದದ್ದು ಸಾಮಾನ್ಯವಾಗಿ ಮಾಲೀಕನಿಗೆ ಸೇರುತ್ತದೆ. ಹೊರಗಿನವನು ಗುತ್ತಿಗೆಯ ಮೇಲೆ ಬರೆದದ್ದರ ಹಕ್ಕು, ಲಿಖಿತವಾಗಿ ವರ್ಗಾಯಿಸದ ಹೊರತು, ಬರೆದವನಲ್ಲೇ ಉಳಿಯುತ್ತದೆ. ಒಂದು ಪುಟದ ಒಪ್ಪಂದವಿಲ್ಲದ ಕಾರಣ ಇಡೀ ಸಂಸ್ಥೆಯ ಲೆಕ್ಕಪತ್ರ ಒಬ್ಬ ವ್ಯಕ್ತಿಯ ದಾಕ್ಷಿಣ್ಯದಲ್ಲಿ ನಿಲ್ಲುವ ಸ್ಥಿತಿ ಇದು.

ಅಪಾಯವಿರುವುದು ವಯಸ್ಸಿನಲ್ಲಲ್ಲ

ಇತ್ತ ತಯಾರಕ ಕಂಪನಿಗಳೂ ತಮ್ಮ ಉತ್ಪನ್ನಗಳ ಕೈಬಿಡುತ್ತ ಬಂದಿವೆ. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಶುವಲ್ ಫಾಕ್ಸ್‌ಪ್ರೊಗೆ 2015ರ ಜನವರಿಯಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ಬೆಂಬಲ ಮುಗಿಯಿತೆಂದರೆ ಗಣಕ ನಿಂತುಹೋಗುತ್ತದೆ ಎಂದಲ್ಲ. ಅನಂತರ ಪತ್ತೆಯಾಗುವ ದೋಷಗಳಿಗೆ ಪರಿಹಾರ ಬರುವುದಿಲ್ಲ ಎಂದರ್ಥ. ಬೀಗ ಹಾಗೆಯೇ ಇರುತ್ತದೆ. ಅದರ ಕಳ್ಳಕೀಲಿ ಪೇಟೆಗೆ ಬಂದರೂ ಬೀಗ ಬದಲಿಸಿಕೊಡುವವರು ಇರುವುದಿಲ್ಲ.

ಆದರೂ ಹಳೆಯದೆಲ್ಲ ಅಪಾಯಕರ, ಹೊಸದೆಲ್ಲ ಸುರಕ್ಷಿತ ಎಂಬ ಮಾರಾಟಗಾರರ ಮಾತನ್ನು ಹಾಗೆಯೇ ಒಪ್ಪಬೇಕಾಗಿಲ್ಲ. 2017ರ ಮೇ 12ರಂದು ವಾನಾಕ್ರೈ ಎಂಬ ಸುಲಿಗೆಯ ವೈರಸ್ ಸುಮಾರು 150 ದೇಶಗಳಲ್ಲಿ ಹರಡಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಅದಕ್ಕೆ ಸಿಕ್ಕಿಬಿದ್ದವುಗಳಲ್ಲಿ ಬಹುಪಾಲು ಮುದಿ ಎಕ್ಸ್‌ಪಿ ಯಂತ್ರಗಳಲ್ಲ; ಆಗಿನ್ನೂ ಬೆಂಬಲವಿದ್ದ ವಿಂಡೋಸ್ 7 ಯಂತ್ರಗಳು. ಅವುಗಳಿಗೆ ಬೇಕಾದ ಅಪ್‌ಡೇಟ್ ಎರಡು ತಿಂಗಳು ಮೊದಲೇ ಬಂದಿತ್ತು, ಹಾಕಿಕೊಂಡಿರಲಿಲ್ಲ, ಅಷ್ಟೇ. 2018ರ ಆಗಸ್ಟ್‌ನಲ್ಲಿ ತೈವಾನಿನ ಟಿಎಸ್‌ಎಂಸಿ ಚಿಪ್ ಕಾರ್ಖಾನೆಗಳಲ್ಲಿ ಅದೇ ವೈರಸ್ಸಿನ ಇನ್ನೊಂದು ರೂಪ ಉತ್ಪಾದನೆಗೆ ಅಡ್ಡಿಯಾಯಿತು. ಅದು ಒಳಗೆ ಬಂದದ್ದು ತಪಾಸಣೆ ಮಾಡದೆ ಜೋಡಿಸಿದ ಹೊಸ ಯಂತ್ರವೊಂದರ ಮೂಲಕ. ಅಷ್ಟು ದೊಡ್ಡ ಸಂಸ್ಥೆಯ ಅನುಭವ ಸಣ್ಣ ಉದ್ದಿಮೆಗೆ ಕಲಿಸುವ ಪಾಠ ಸರಳ: ಕೆಡುಕಿನ ಮೂಲ ಅಲಕ್ಷ್ಯ, ವಯಸ್ಸು ಅದನ್ನು ಹೆಚ್ಚಿಸುತ್ತದೆ.

ಉಳಿಸಿಕೊಳ್ಳುವುದಕ್ಕೂ ಒಂದು ಕ್ರಮವಿದೆ

ಪೀಣ್ಯದ ಅಥವಾ ಬೆಳಗಾವಿಯ ಯಂತ್ರಶಾಲೆಯಲ್ಲಿ ಹದಿನೈದು ಇಪ್ಪತ್ತು ವರ್ಷದ ಸಿಎನ್‌ಸಿ ಯಂತ್ರವೊಂದು ಇಂದಿಗೂ ನಿಖರವಾಗಿ ಲೋಹ ಕತ್ತರಿಸುತ್ತಿದ್ದರೆ, ಅದಕ್ಕೆ ಜೋಡಿಸಿದ ಗಣಕ ಹಳೆಯದೆಂಬ ಒಂದೇ ಕಾರಣಕ್ಕೆ ಲಕ್ಷಾಂತರ ರೂಪಾಯಿಯ ಯಂತ್ರವನ್ನು ಗುಜರಿಗೆ ಹಾಕಲಾಗದು. ಹಾಗೆ ಹೇಳುವವರು ಸಣ್ಣ ಉದ್ದಿಮೆದಾರರ ಸಾಲದ ಕಂತನ್ನು ಕಟ್ಟುವವರಲ್ಲ. ಅಂಥ ಗಣಕವನ್ನು ಅಂತರ್ಜಾಲದಿಂದಲೂ ಕಚೇರಿಯ ಇತರ ಗಣಕಗಳಿಂದಲೂ ಬೇರ್ಪಡಿಸಿ, ಆ ಒಂದು ಕೆಲಸಕ್ಕೆ ಮಾತ್ರ ಮೀಸಲಿಡಬೇಕು. ಕಂಡಕಂಡ ಪೆನ್‌ಡ್ರೈವ್ ಚುಚ್ಚುವುದನ್ನು ನಿಲ್ಲಿಸಬೇಕು. ಹಾರ್ಡ್ ಡಿಸ್ಕಿನ ಸಂಪೂರ್ಣ ನಕಲೊಂದನ್ನು ಇನ್ನೊಂದು ಡಿಸ್ಕಿನಲ್ಲಿ ಸಿದ್ಧವಾಗಿಟ್ಟಿರಬೇಕು. ಅನೇಕ ಸಿಎನ್‌ಸಿ ನಿಯಂತ್ರಕಗಳಲ್ಲಿ ಯಂತ್ರದ ಅಳತೆ, ಹೊಂದಾಣಿಕೆಗಳ ನೆನಪನ್ನು ಕಾಯುವುದು ಒಂದು ಸಣ್ಣ ಬ್ಯಾಟರಿ. ಅದು ಸತ್ತರೆ ಗಟ್ಟಿಮುಟ್ಟಾದ ಯಂತ್ರವೂ ದಿನಗಟ್ಟಲೆ ಸುಮ್ಮನೆ ನಿಲ್ಲುತ್ತದೆ. ಆ ವಿವರಗಳನ್ನು ಮೊದಲೇ ನಕಲು ಮಾಡಿಟ್ಟು, ತಯಾರಕರ ಸೂಚನೆಯಂತೆ ಬ್ಯಾಟರಿ ಬದಲಿಸುವುದು ಎಣ್ಣೆ ಬಿಡುವುದಕ್ಕಿಂತ ಕಷ್ಟದ ಕೆಲಸವೇನಲ್ಲ.

ಲೆಕ್ಕಪತ್ರದ ಹಳೆಯ ತಂತ್ರಾಂಶದ ಮಾತು ಬೇರೆ. ಡಾಸ್ ಕಾಲದ ತಂತ್ರಾಂಶವು ಇಂದಿನ 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ಓಡುವುದಿಲ್ಲ. ಹಳೆಯ ಗಣಕವನ್ನು ಅನುಕರಿಸುವ ತಂತ್ರಾಂಶದೊಳಗೆ ಅದನ್ನು ಓಡಿಸಿ ಹಳೆಯ ಖಾತೆಗಳನ್ನು ನೋಡಬಹುದು. ನೋಡುವುದಕ್ಕೆ ಅಷ್ಟು ಸಾಕು. ದಿನದ ವಹಿವಾಟಿಗೆ ಅದನ್ನೇ ನಂಬಿರುವುದು ಇನ್ನು ವಿವೇಕವಲ್ಲ. ಕಂಪನಿಯಾಗಿ ನೋಂದಾಯಿಸಿಕೊಂಡವರಿಗಂತೂ ಆ ಆಯ್ಕೆಯೇ ಉಳಿದಿಲ್ಲ. ಖಾತೆಯಲ್ಲಿ ಮಾಡಿದ ಪ್ರತಿಯೊಂದು ತಿದ್ದುಪಡಿಯೂ ದಿನಾಂಕ ಸಹಿತ ದಾಖಲಾಗುವ, ಆ ದಾಖಲೆಯನ್ನು ನಿಲ್ಲಿಸಲಾಗದ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಅವರಿಗೆ ಅನ್ವಯಿಸುತ್ತದೆ.

ತಂತ್ರಾಂಶ ಹೋದರೂ ಖಾತೆ ಉಳಿಯಬೇಕು

ತಂತ್ರಾಂಶ ಬದಲಿಸಿದ ದಿನವೇ ಹಳೆಯ ಗಣಕವನ್ನು ಮಾರಿಬಿಡುವವರು ಇನ್ನೊಂದು ತಪ್ಪು ಮಾಡುತ್ತಾರೆ. ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯಂತೆ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. ಮೇಲ್ಮನವಿ ನಡೆಯುತ್ತಿದ್ದರೆ ಇನ್ನೂ ಹೆಚ್ಚು ಕಾಲ. ಕಂಪನಿಗಳಿಗೆ ಕಂಪನಿ ಕಾಯ್ದೆಯ ಅವಧಿ 8 ವರ್ಷ. ಐದು ವರ್ಷದ ಹಿಂದಿನ ಬಿಲ್ಲೊಂದಕ್ಕೆ ನೋಟಿಸು ಬಂದಾಗ "ಗಣಕ ಕೆಟ್ಟಿದೆ" ಎಂಬುದು ಉತ್ತರವಾಗುವುದಿಲ್ಲ.

ಕನ್ನಡದಲ್ಲಿ ಲೆಕ್ಕ ಇಟ್ಟವರಿಗೆ ಇನ್ನೂ ಒಂದು ತೊಡಕಿದೆ. ಯೂನಿಕೋಡ್ ಬಳಕೆಗೆ ಬರುವ ಮುನ್ನಿನ ಫಾಂಟ್‌ಗಳಲ್ಲಿ ಬೆರಳಚ್ಚಿಸಿದ ರೈತರ, ಗಿರಾಕಿಗಳ ಹೆಸರುಗಳು ಆ ಫಾಂಟ್ ಇಲ್ಲದ ಹೊಸ ಗಣಕದಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ. ಅವನ್ನು ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳಿವೆ. ಆದರೆ ಪರಿವರ್ತನೆಯಾದ ಹೆಸರುಗಳನ್ನು ಸಾಲುಸಾಲಾಗಿ ತಾಳೆ ನೋಡಲು ಆ ಗಿರಾಕಿಗಳನ್ನು ಬಲ್ಲ ಹಳೆಯ ಗುಮಾಸ್ತರೇ ಬೇಕು. ಅವರು ನಿವೃತ್ತರಾಗುವ ಮೊದಲೇ ಈ ಕೆಲಸ ಮುಗಿಯಬೇಕು.

ಬ್ಯಾಕಪ್ ಪ್ರತಿ ಇದೆ ಎಂದು ಹೇಳುವವರಲ್ಲಿಯೂ ಅದನ್ನು ಮರಳಿ ತೆರೆದು ನೋಡಿದವರು ವಿರಳ. ಬೀಜವನ್ನು ಬಿತ್ತುವ ಮೊದಲು ಮೊಳಕೆ ಪರೀಕ್ಷೆ ಮಾಡುವ ನಾಡಿನಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬೇರೊಂದು ಗಣಕದಲ್ಲಿ ತೆರೆದು, ಒಂದು ತಿಂಗಳ ಶಿಲ್ಕು ತಾಳೆಯಾದಾಗ ಮಾತ್ರ ಅದು ಬ್ಯಾಕಪ್.

ಲೆಕ್ಕಕ್ಕೆ ಹಿಡಿಯಬೇಕಾದ ವೆಚ್ಚ

ಆದಾಯ ತೆರಿಗೆಯ ಲೆಕ್ಕದಲ್ಲಿ ಸಾಮಾನ್ಯ ಯಂತ್ರೋಪಕರಣಗಳಿಗೆ ಶೇಕಡ 15ರ ಸವಕಳಿ. ತಂತ್ರಾಂಶವೂ ಸೇರಿದಂತೆ ಗಣಕಗಳಿಗೆ 2017-18ರ ಆರ್ಥಿಕ ವರ್ಷದಿಂದ ಶೇಕಡ 40. ಒಂದು ಲಕ್ಷ ರೂಪಾಯಿಯ ಯಂತ್ರದ ಪುಸ್ತಕ ಮೌಲ್ಯ ಮೂರು ಪೂರ್ಣ ವರ್ಷಗಳ ಬಳಿಕ ಸುಮಾರು 61,400 ರೂಪಾಯಿ. ಅಷ್ಟೇ ಬೆಲೆಯ ಗಣಕದ್ದು 21,600 ರೂಪಾಯಿ. ಗಣಕ ಬೇಗ ಸವೆಯುತ್ತದೆಂದು ತೆರಿಗೆ ನಿಯಮವೇ ಒಪ್ಪಿದೆ. ಮಾಲೀಕರೂ ಆ ಸವಕಳಿಯ ಲಾಭವನ್ನು ಪ್ರತಿ ವರ್ಷ ತಪ್ಪದೆ ಪಡೆಯುತ್ತಾರೆ. ಆದರೆ ಮುಂದೆ ಬದಲಿಸಲು ಬೇಕಾದ ಹಣವನ್ನು ತೆಗೆದಿಡುವುದಿಲ್ಲ. ಐದು ವರ್ಷಕ್ಕೊಮ್ಮೆ ಒಂದು ಲಕ್ಷ ಬೇಕಾಗುವುದೆಂದು ಎಣಿಸಿದರೂ ತಿಂಗಳಿಗೆ ಎತ್ತಿಡಬೇಕಾದದ್ದು 1,700 ರೂಪಾಯಿಗೂ ಕಡಿಮೆ. ಇಷ್ಟನ್ನು ಉಳಿಸಿದವರು ವರ್ಷಾಂತ್ಯದ ಒಂದು ಬೆಳಗ್ಗೆ ಗಣಕ ತೆರೆಯದಿದ್ದಾಗ ಸಿಕ್ಕ ಬೆಲೆಗೆ ಸಿಕ್ಕವರಿಂದ ಕೊಳ್ಳುತ್ತಾರೆ.

ಎಲ್ಲ ಹೊಣೆಯನ್ನೂ ವರ್ತಕರ ಮೇಲೆ ಹೊರಿಸುವುದು ನ್ಯಾಯವಲ್ಲ. ತಂತ್ರಾಂಶ ಮಾರುವವರು ಗಿರಾಕಿಯ ದತ್ತಾಂಶವನ್ನು ಬೇರೆಡೆ ತೆರೆಯಬಲ್ಲ ಸಾಮಾನ್ಯ ರೂಪದಲ್ಲಿ ಹಿಂದಿರುಗಿಸಲು ಬದ್ಧರಾಗಬೇಕು. ವಾರ್ಷಿಕ ಶುಲ್ಕ ಕಟ್ಟದಿದ್ದರೆ ಹೊಸ ಸೌಲಭ್ಯ ಕೊಡದಿರಲಿ. ಹಳೆಯ ಖಾತೆಯ ಬಾಗಿಲು ಮುಚ್ಚುವುದು ಸಲ್ಲದು. ಇಂಥ ಷರತ್ತನ್ನು ಒಬ್ಬ ಅಂಗಡಿಯವರು ಕೇಳಿದರೆ ಯಾರೂ ಲಕ್ಷಿಸುವುದಿಲ್ಲ. ಜಿಲ್ಲೆಯ ವರ್ತಕರೆಲ್ಲ ಒಟ್ಟಾಗಿ ಕೇಳಿದರೆ ಲಕ್ಷಿಸಲೇಬೇಕಾಗುತ್ತದೆ. ಸೋರ್ಸ್ ಕೋಡ್, ದತ್ತಾಂಶ, ನಿರ್ವಹಣೆಗಳ ಷರತ್ತುಗಳುಳ್ಳ ಮಾದರಿ ಒಪ್ಪಂದವೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಿ ಸದಸ್ಯರಿಗೆ ಹಂಚುವುದು ವಾಣಿಜ್ಯ ಮಂಡಳಿಗಳು ಮಾಡಬಹುದಾದ ಮೊದಲ ಕೆಲಸ. ಫಾಕ್ಸ್‌ಪ್ರೊ ಬಲ್ಲ ಹಿರಿಯ ತಂತ್ರಜ್ಞರು ಇನ್ನೂ ನಮ್ಮ ಊರುಗಳಲ್ಲಿರುವಾಗಲೇ, ಸ್ಥಳೀಯ ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳ ನೆರವಿನಿಂದ ಸದಸ್ಯರ ಹಳೆಯ ಖಾತೆಗಳನ್ನು ಹೊರತೆಗೆಯುವ ಶಿಬಿರ ನಡೆಸುವುದು ಎರಡನೆಯ ಕೆಲಸ.

ಉಳಿದದ್ದು ಮಾಲೀಕರ ಕೈಯಲ್ಲಿದೆ. ಸಂಸ್ಥೆಯಲ್ಲಿರುವ ಗಣಕಗಳೆಷ್ಟು, ಅವುಗಳ ವಯಸ್ಸೆಷ್ಟು, ಯಾವ ತಂತ್ರಾಂಶವನ್ನು ಯಾರು ನಿರ್ವಹಿಸುತ್ತಾರೆ, ಅವರಿಲ್ಲದಿದ್ದರೆ ಯಾರು, ಬ್ಯಾಕಪ್ ಅನ್ನು ಕೊನೆಯ ಬಾರಿ ತೆರೆದು ನೋಡಿದ್ದು ಯಾವಾಗ ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಲು ಒಂದು ಮಧ್ಯಾಹ್ನ ಸಾಕು. ಬರುವ ಆಯುಧಪೂಜೆಯಂದು ಗಣಕಕ್ಕೆ ಹೂವು ಮುಡಿಸುವ ಮೊದಲು ಆ ಹಾಳೆಯನ್ನು ಬರೆದು ಮುಗಿಸಿದ ಸಂಸ್ಥೆಗೆ ಮುಂದಿನ ತೆರಿಗೆ ಬದಲಾವಣೆ ಕೇವಲ ಒಂದು ಕೆಲಸವಾಗಿರುತ್ತದೆ, ಸಂಕಟವಾಗಿರುವುದಿಲ್ಲ.